ಮಾತಾಡದ ಕಬ್ಬಿಣ

ಹೊಸದುರ್ಗದ ಒಂದು ಮಂಡಿಯಲ್ಲಿ ನಾನು ಮೂವತ್ತೆಂಟು ವರ್ಷ ತೆಂಗಿನಕಾಯಿ ಆರಿಸುವ ಕೆಲಸ ಮಾಡಿದೆ. ಎರಡು ಕೈಗಳಲ್ಲಿ ಎರಡು ಕಾಯಿ ಹಿಡಿದು, ಒಂದಕ್ಕೊಂದು ತಟ್ಟಿ, ಬಂದ ಶಬ್ದವನ್ನು ಕೇಳಿ, ಗಟ್ಟಿಯದನ್ನು ಬಲಕ್ಕೂ ಕೆಟ್ಟದ್ದನ್ನು ಎಡಕ್ಕೂ ಹಾಕುವುದು. ಕಣ್ಣಿಗೆ ಎರಡೂ ಒಂದೇ. ಕೂದಲೆಳೆಯಷ್ಟು ಬಿರುಕು ಬಿಟ್ಟ ಕಾಯಿ ಹೊರಗೆ ಎಷ್ಟೇ ಚೆನ್ನಾಗಿದ್ದರೂ ತಟ್ಟಿದಾಗ ಅದರ ದನಿ ಅರ್ಧಕ್ಕೇ ನಿಂತುಬಿಡುತ್ತದೆ. ದಿನಕ್ಕೆ ಸಾವಿರಗಟ್ಟಲೆ ಕಾಯಿ ನನ್ನ ಕೈ ದಾಟುತ್ತಿದ್ದವು. ನನ್ನ ಕಿವಿ ತಪ್ಪಿತೆಂದು ಯಾವ ವ್ಯಾಪಾರಿಯೂ ದೂರು ತಂದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದಿನದನ್ನು ಓದುವಾಗ, ‘ಪಾಪ, ಅವರಿಗೆ ಗೊತ್ತಿರಲಿಲ್ಲ’ ಎಂದು ಯಾರೂ ನನ್ನ ಪರವಾಗಿ ವಾದಿಸಬಾರದು.

ನನ್ನ ಶಾಲೆ ನಾಲ್ಕನೆಯ ತರಗತಿಗೆ ಮುಗಿಯಿತು. ಉಳಿದದ್ದನ್ನು ಹಳೆಯ ಪತ್ರಿಕೆಗಳಿಂದ, ಯಾರೋ ತೂಕಕ್ಕೆ ಹಾಕಿದ ಪಠ್ಯಪುಸ್ತಕಗಳಿಂದ, ಈಚೆಗೆ ಮೊಬೈಲಿನಿಂದ ಕಲಿತೆ. ಹೀಗೆ ಕಲಿತವನಿಗೆ ಯಾರು ಏನು ಹೇಳಿದರೂ ‘ಯಾಕೆ?’ ಎಂದು ಕೇಳದೆ ಇರಲಾಗುವುದಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಯ ಮೇಲಿನ ಸಾಲುಗುಳಿಗಳನ್ನು ತೋರಿಸಿ ಗೈಡೊಬ್ಬ ‘ಇವು ಕುದುರೆ ಗೊರಸಿನ ಗುರುತು’ ಎಂದಾಗ, ಅವು ಕಲ್ಲು ಸೀಳಲು ಉಳಿಯಿಂದ ಹೊಡೆದ ಗುಳಿಗಳೆಂದು ಗುಂಪಿನ ನಡುವೆಯೇ ವಾದಿಸಿ, ಹೆಂಡತಿ ತಲೆ ತಗ್ಗಿಸಿ ದೂರ ಹೋಗಿ ನಿಲ್ಲುವಂತೆ ಮಾಡಿದ್ದೆ. ಅಂದು ನಾನು ಹೇಳಿದ್ದು ಸರಿ. ಈಗಲೂ ಸರಿ. ಆದರೆ ಹಾಗೆ ಹತ್ತು ಸಲ ಸರಿಯಾದವನು ಹನ್ನೊಂದನೆಯ ಸಲ ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.

ನನ್ನ ಹೆಂಡತಿಯ ತಮ್ಮ ಕುರಿ ಕಾಯುವವನು. ಮಾರಿಕಣಿವೆಯ ಹಿನ್ನೀರಿನ ಕಡೆಗೆ, ಹಿರಿಯೂರಿನ ಬಸ್ಸು ದಿನಕ್ಕೆರಡು ಸಲ ಮಾತ್ರ ಮುಟ್ಟುವ ಒಂದು ಹಳ್ಳಿ ಅವನದು. ಐವತ್ತು ದಾಟಿದ್ದರೂ ಮೇಕೆಯಂತೆ ಬಂಡೆ ಏರುತ್ತಿದ್ದ. ಅವನಿಗಿದ್ದ ಆಸ್ತಿಯೆಂದರೆ ಆ ಎರಡು ಕಾಲು; ಹಿಂಡು ಅವುಗಳ ಹಿಂದೆ ಬರುತ್ತಿತ್ತು, ಅಷ್ಟೆ. ಎರಡು ವರ್ಷದ ಹಿಂದೆ ಕರಡಿಗಳು ಗುಡ್ಡದ ಕೆಳಗಿನ ಸೀತಾಫಲದ ಪೊದೆಗಳವರೆಗೂ ಇಳಿಯತೊಡಗಿದವು. ಪಕ್ಕದ ಹಳ್ಳಿಯ ಕುರಿಗಾರನೊಬ್ಬನ ಮುಖವನ್ನು ಕರಡಿ ಕಿತ್ತಿತು. ಅವನು ಉಳಿದ, ಆದರೆ ಟವೆಲಿನಲ್ಲಿ ಮುಖ ಮುಚ್ಚಿಕೊಳ್ಳದೆ ಹೊರಗೆ ಬರುವುದಿಲ್ಲ. ಅದನ್ನು ನೋಡಿ ಬಂದ ದಿನ ನನ್ನ ಹೆಂಡತಿ ಊಟ ಬಡಿಸುತ್ತಾ ಅಂದಳು: “ನನ್ ತಮ್ಮನ ಸೊಂಟದಾಗೆ ಇರೋದು ತುಕ್ಕು ಹಿಡಿದ ಕುಡುಗೋಲು. ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ, ಅವನಿಗೊಂದು ಗಟ್ಟಿ ಕತ್ತಿ ಮಾಡಿಸಿ ಕೊಡ್ರಿ ನೋಡಾಣ.”

ಆ ದಿನಗಳಲ್ಲಿ ನಾನು ಮೊಬೈಲಿನಲ್ಲಿ ಒಂದು ಬಗೆಯ ವಿಡಿಯೋಗಳನ್ನು ನೋಡುತ್ತಿದ್ದೆ. ಯಾವುದೋ ದೇಶದ ತರುಣನೊಬ್ಬ ಒಂದೇ ಒಂದು ಚಾಕು ಹಿಡಿದು ಕಾಡಿಗಿಳಿದು, ಅದರಿಂದಲೇ ಮರ ಸೀಳಿ, ಗುಡಿಸಲು ಕಟ್ಟಿ, ಬೆಂಕಿ ಹೊತ್ತಿಸಿ, ವಾರ ಕಳೆದು ಬದುಕಿ ಬರುತ್ತಾನೆ. ನನಗೆ ನಂಬಿಕೆ ಬರಲಿಲ್ಲ. ಕ್ಯಾಮೆರಾ ಹಿಡಿದವನು ಆ ವಾರ ಏನು ತಿಂದ ಎಂಬುದನ್ನು ಯಾರೂ ಹೇಳುವುದಿಲ್ಲ. ಆದರೆ ಚಾಕು ಮಾತ್ರ ಮನಸ್ಸಿನಲ್ಲಿ ನಿಂತಿತು: ಬೆನ್ನು ದಪ್ಪ, ಮೈ ಮೊಳಕ್ಕೆ ಸ್ವಲ್ಪ ಕಡಿಮೆ, ಅಲಗಿನಿಂದ ಹಿಡಿಯ ಕೊನೆಯವರೆಗೆ ಒಂದೇ ಕಬ್ಬಿಣ. ಅಂಥದ್ದನ್ನು ನಾನೇ ಮಾಡುವುದು, ಆ ವಿಡಿಯೋದವರು ಹೇಳುವ ಪರೀಕ್ಷೆಗಳನ್ನೆಲ್ಲ ನಾನೇ ಮಾಡುವುದು, ಗೆದ್ದರೆ ಬಾಮೈದನಿಗೆ ಕೊಡುವುದು ಎಂದು ನಿಶ್ಚಯಿಸಿದೆ.

ಹಿರಿಯೂರಿನ ಹೆದ್ದಾರಿಯ ಬದಿಯ ಗುಜರಿಯಲ್ಲಿ ಲಾರಿಯ ಕಮಾನು ಪಟ್ಟಿಗಳ ರಾಶಿ ಇತ್ತು. ಚಕ್ರದ ಮೇಲೆ ಭಾರ ಹೊರುವ ಈ ಬಾಗಿದ ಉಕ್ಕಿನ ಪಟ್ಟಿಗಳಿಂದ ಒಳ್ಳೆಯ ಚಾಕುಗಳಾಗುತ್ತವೆಂದು ಓದಿದ್ದೆ. ಗುಜರಿಯವನು ರಾಶಿಯ ಮೇಲಿನದನ್ನೇ ಎಳೆದು ಹಾಕಿದ.

“ಒಳ್ಳೆ ಮಾಲು, ಯಜಮಾನ್ರೆ. ಹೋದ ತಿಂಗಳು ಪಲ್ಟಿ ಹೊಡೆದ ಗಾಡೀದು. ಮೂರು ಜನ ಅಲ್ಲೇ ಹೋದ್ರು. ಪಟ್ಟಿಗೆ ಮಾತ್ರ ಏನೂ ಆಗಿಲ್ಲ, ನೋಡ್ಕಳ್ರಿ.”

ನಾನು ತಿರುವಿ ನೋಡಿದೆ. ನಿಜಕ್ಕೂ ಏನೂ ಆಗಿರಲಿಲ್ಲ. ಅವನೇ ಗ್ಯಾಸಿನಿಂದ ಬೇಕಾದಷ್ಟು ಉದ್ದ ಕತ್ತರಿಸಿ ಕೊಟ್ಟ. ಪಟ್ಟಿಯ ನಟ್ಟನಡುವೆ ಬೋಲ್ಟಿಗಾಗಿ ಕೊರೆದಿದ್ದ ತೂತು ನನ್ನ ತುಂಡಿನ ಒಂದು ಕೊನೆಯ ಹತ್ತಿರ ಬಂತು. ಹಿಡಿಯ ಮೊಳೆಗೆ ಬೇರೆ ತೂತು ಕೊರೆಯುವುದು ತಪ್ಪಿತಲ್ಲ ಎಂದು ನಾನು ಸಂತೋಷಪಟ್ಟೆ.

ಅದನ್ನು ಹೊಳಲ್ಕೆರೆಗೆ ಒಯ್ದೆ. ಅಲ್ಲಿಯ ಕಮ್ಮಾರನೊಬ್ಬ ಅಡಿಕೆ ಕೊಯ್ಲಿನ ಕತ್ತಿಗಳಿಗೆ ಹೆಸರಾದವನು, ನನ್ನ ಪರಿಚಯದವನೇ. ಕಬ್ಬಿಣ ಎಲ್ಲಿಯದೆಂದು ಕೇಳಿದ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಇಕ್ಕುಳವನ್ನು ಕೆಳಗಿಟ್ಟ.

“ಬ್ಯಾಡ ಬಿಡ್ರಿ. ಜೀವ ತೆಗೆದ ಗಾಡಿ ಕಬ್ಬಿಣ ನಾವು ಕುಲುಮೆಗೆ ಇಡಲ್ಲ.”

“ಯಾಕೆ?”

“ಯಾಕೆ ಅಂದ್ರೆ? ನಮ್ಮಪ್ಪ ಇಡ್ತಿರಲಿಲ್ಲ.”

“ನಿಮ್ಮಪ್ಪ ಯಾಕೆ ಇಡ್ತಿರಲಿಲ್ಲ?”

“ಅವರಪ್ಪ ಇಡ್ತಿರಲಿಲ್ಲ. ಏನ್ರಿ ಪಂಡಿತ್ರೆ, ನಮ್ಮ ವಂಶನೆಲ್ಲ ಕಟಕಟೆಗೆ ಹತ್ತುಸ್ತೀರಾ? ಚಾ ಕುಡಿದು ಹೋಗ್ರಿ.”

ಚಹಾ ಕುಡಿದೆ. ವಾದದಲ್ಲಿ ನಾನೇ ಗೆದ್ದೆನೆಂದುಕೊಂಡು ಬಸ್ಸು ಹತ್ತಿದೆ. ಕಾರಣ ಹೇಳಲಾರದವನು ಸೋತಂತೆಯೇ ಎಂಬುದು ಆಗ ನನ್ನ ಲೆಕ್ಕವಾಗಿತ್ತು.

ಮನೆಯ ಹಿತ್ತಿಲಲ್ಲೇ ಗುಂಡಿ ತೋಡಿ, ಮಣ್ಣು ಮೆತ್ತಿ ಕುಲುಮೆ ಕಟ್ಟಿದೆ. ನಮ್ಮಲ್ಲಿ ಚಿಪ್ಪಿಗೇನು ಬರವಿಲ್ಲ. ಚಿಪ್ಪಿನ ಇದ್ದಿಲು ಮರದಿದ್ದಿಲಿಗಿಂತ ಹೆಚ್ಚು ಕಾವು ಕೊಡುತ್ತದೆ. ಗಾಳಿ ಊದಲು ಕೈಯಿಂದ ತಿರುಗಿಸುವ ಹಳೆಯ ಯಂತ್ರವೊಂದು ಸಿಕ್ಕಿತು. ಹದಿನೈದು ದಿನ ಬೆಳಗಿನ ಹೊತ್ತು ಬಡಿದೆ, ಅರ ಹಾಕಿ ಉಜ್ಜಿದೆ, ಕೈ ಬೊಬ್ಬೆ ಬಂದು ಒಡೆದು ಮತ್ತೆ ಬೊಬ್ಬೆ ಬಂತು. ಕೊನೆಗೆ ಗಡಸಾಗಲೆಂದು ಅದನ್ನು ಕೆಂಪಗೆ ಕಾಯಿಸಿ ಕೊಬ್ಬರಿ ಎಣ್ಣೆಯ ಡಬ್ಬದಲ್ಲಿ ಅದ್ದಿದಾಗ ಎದ್ದ ಹೊಗೆಯಲ್ಲಿ ಅಡುಗೆಮನೆಯ ವಾಸನೆ ಇರಲಿಲ್ಲ, ಸುಟ್ಟ ಕೂದಲಿನ ವಾಸನೆ ಇತ್ತು. ಹೆಂಡತಿ ಸೆರಗು ಮೂಗಿಗೆ ಹಿಡಿದು ಬಾಗಿಲಿಗೆ ಬಂದು, ನೋಡಿ ಒಳಗೆ ಹೋದಳು. ಗಡಸು ಸ್ವಲ್ಪ ಇಳಿಯಲೆಂದು ಅವಳ ರೊಟ್ಟಿ ಹಂಚಿನ ಮೇಲೆ, ಒಣಹುಲ್ಲಿನ ಬಣ್ಣ ಬರುವ ತನಕ ಕಾಯಿಸಿದೆ. ಆ ಹಂಚಿನಲ್ಲಿ ಅವಳು ಮತ್ತೆ ರೊಟ್ಟಿ ತಟ್ಟಲಿಲ್ಲ.

ಹಿಡಿ ಹಾಕುವ ಮೊದಲು ಚಾಕುವನ್ನು ಪೇಪರಿನಲ್ಲಿ ಸುತ್ತಿ ಮತ್ತೆ ಹೊಳಲ್ಕೆರೆಗೆ ಹೋದೆ. ಹೋಗಬೇಕಾಗಿರಲಿಲ್ಲ. ತೋರಿಸಲು ಹೋದೆ.

“ಕೊನೆಗೂ ಬಿಡಲಿಲ್ಲ ನೀವು,” ಎಂದು ಕಮ್ಮಾರ ನಕ್ಕ. ಅರದಿಂದ ಅಲಗನ್ನು ಉಜ್ಜಿ ನೋಡಿದ. ಅರ ಕಚ್ಚದೆ ಜಾರಿತು. “ಹದ ಚೆನ್ನಾಗೈತೆ. ನಮ್ಮ ಹೊಟ್ಟೆ ಮೇಲೆ ಹೊಡೆಯೋ ಯೋಚನೆ ಏನಾದ್ರೂ ಐತೋ?” ಆಮೇಲೆ ಬೋಲ್ಟಿನ ತೂತಿಗೆ ದಾರ ಪೋಣಿಸಿ, ಚಾಕುವನ್ನು ಗಾಳಿಯಲ್ಲಿ ತೂಗಬಿಟ್ಟು, ಚಿಕ್ಕ ಸುತ್ತಿಗೆಯಿಂದ ಒಮ್ಮೆ ತಟ್ಟಿದ. ಮುಖದ ನಗು ನಿಂತಿತು. ಮತ್ತೊಮ್ಮೆ ತಟ್ಟಿದ.

“ಮಾತಾಡ್ತಿಲ್ಲ ಇದು.”

“ಕಬ್ಬಿಣ ಯಾವಾಗ ಮಾತಾಡಿತ್ತಪ್ಪ?”

“ಬದುಕಿರೋದು ಮಾತಾಡ್ತೈತೆ, ಕೇಳ್ರಿ.” ಗೋಡೆಯಲ್ಲಿದ್ದ ಒಂದು ಕತ್ತಿಯನ್ನು ಹಾಗೆಯೇ ತೂಗಬಿಟ್ಟು ತಟ್ಟಿದ. ಅದು ದೇವಸ್ಥಾನದ ಗಂಟೆಯ ಹಾಗೆ ಎಳೆದೆಳೆದು ಮೊಳಗಿತು. ಮತ್ತೆ ನನ್ನದನ್ನು ತಟ್ಟಿದ. ಅದು ಹೊರಟು ಅರ್ಧಕ್ಕೇ ನಿಂತಿತು. “ಸತ್ತವರು ಇದರ ಬಾಯಿ ಮುಚ್ಚಿ ಹೋಗ್ಯಾರೆ. ಯಾರಿಗೂ ಕೊಡಬ್ಯಾಡ್ರಿ. ಹಿತ್ತಲಾಗೆ ಹುಲ್ಲು ಕೊಯ್ಯಾಕೆ ಇಟ್ಕಳ್ರಿ.”

ನಾನು ಗಟ್ಟಿಯಾಗಿ ನಕ್ಕೆ. ಕುಲುಮೆಯಲ್ಲಿದ್ದ ಬೇರೆಯವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಈಗ ಯೋಚಿಸಿದರೆ, ಆ ಶಬ್ದ ನನಗೆ ಹೊಸದಾಗಿರಲಿಲ್ಲ. ಮೂವತ್ತೆಂಟು ವರ್ಷ ಅದನ್ನು ಕೇಳಿದ ಕ್ಷಣದಲ್ಲೇ ನನ್ನ ಎಡಗೈ ತಾನಾಗಿ ಎಡಕ್ಕೆ ಹೋಗುತ್ತಿತ್ತು. ಅಂದೂ ನನ್ನ ಎಡಗೈ ಸ್ವಲ್ಪ ಎದ್ದಿತ್ತು, ನೆನಪಿದೆ. ಕಮ್ಮಾರ ಸತ್ತವರ ಮಾತೆತ್ತದೆ ‘ಒಳಗೆ ಬಿರುಕೈತೆ’ ಎಂದಿದ್ದರೆ ನಾನು ಕೇಳುತ್ತಿದ್ದೆ. ಅವನು ದೆವ್ವದ ಕಥೆ ಹೇಳಿದ. ನಾನು ದೆವ್ವವನ್ನು ಹೊರಗೆ ಹಾಕುವಾಗ, ಅದರ ಜೊತೆಗೆ ಬಂದಿದ್ದ ಶಬ್ದವನ್ನೂ ಹೊರಗೆ ಹಾಕಿದೆ.

ಹಿಡಿಗೆ ಹುಣಸೆಮರದ ಎರಡು ಹೋಳು ಕೂರಿಸಿ, ಬೋಲ್ಟಿನ ತೂತಿನಲ್ಲೇ ಮೊಳೆ ಬಡಿದೆ. ಆಮೇಲೆ ಒಂದು ತಿಂಗಳು ಪರೀಕ್ಷೆ. ಒಣಗಿದ ಜಾಲಿಯ ಕೊಂಬೆಯನ್ನು ಕಡಿದೆ, ಅಲಗು ಮಡಚಿಕೊಳ್ಳಲಿಲ್ಲ. ಸೌದೆಯ ನೆತ್ತಿಗೆ ಅದನ್ನಿಟ್ಟು ಬೆನ್ನಿನ ಮೇಲೆ ಕೊರಡಿನಿಂದ ಹೊಡೆದು ಸೀಳಿದೆ. ನೆನೆದ ತೆಂಗಿನ ನಾರಿನ ಹಗ್ಗ ಒಂದೇ ಎಳೆತಕ್ಕೆ ಎರಡಾಯಿತು. ಎಣ್ಣೆಯ ತಗಡಿನ ಡಬ್ಬ ಕೊಯ್ದ ಮೇಲೂ ಅದೇ ಅಲಗಿನಿಂದ ಮುಂಗೈಯ ಕೂದಲು ಬೋಳಿಸಿಕೊಂಡೆ. ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಕೊನೆಯ ಪರೀಕ್ಷೆ ವಿಡಿಯೋಗಳಲ್ಲಿ ನೋಡಿದ್ದೇ: ಕೆರೆ ಏರಿಯ ಬಳಿಯ ಬಂಡೆಯ ಸಂದಿಗೆ ಚಾಕುವನ್ನು ಅರ್ಧ ಮೈ ಹೊಡೆದು, ಹಿಡಿಯ ಮೇಲೆ ಕಾಲಿಟ್ಟು ನಿಂತೆ. ನಿಂತದ್ದಷ್ಟೇ ಅಲ್ಲ, ಮೂರು ಸಲ ಕುಣಿದೆ.

“ಈ ವಯಸ್ನಾಗೆ ಕೋತಿ ಆಟ!” ಎಂದಳು ಜೊತೆಗೆ ಬಂದಿದ್ದ ಹೆಂಡತಿ. “ಬಿದ್ದು ಸೊಂಟ ಮುರ್ಕಂಡ್ರೆ ನಾನು ಎತ್ತಲ್ಲ, ಹೇಳೀನಿ.”

ಮೂರನೆಯ ಕುಣಿತಕ್ಕೆ ಪಾದದ ಕೆಳಗೆ ‘ಚಿಟ್’ ಎಂದಿತು. ಬಗ್ಗಿ ನೋಡಿದೆ. ಕಲ್ಲಿನ ಚೂರೊಂದು ಉದುರಿ ಬಿದ್ದಿತ್ತು, ಅಥವಾ ಮೊದಲೇ ಅಲ್ಲಿ ಬಿದ್ದಿತ್ತು. ನೋಟ್‌ಬುಕ್ಕಿನಲ್ಲಿ ‘ಭಾರ ತಡೆಯಿತು’ ಎಂದು ಬರೆದೆ.

ಬಾಮೈದ ಚಾಕುವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ ರೀತಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವನ ಮನೆಯ ಜಗಲಿಯಲ್ಲಿ ಅಂದು ನಾನೇ ಕಮ್ಮಾರನ ದೆವ್ವದ ಕಥೆಯನ್ನು ರಾಗವಾಗಿ ಹೇಳಿ ಎಲ್ಲರನ್ನೂ ನಗಿಸಿದೆ. ದಾರ ಕಟ್ಟಿ ತಟ್ಟಿದ್ದನ್ನು ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಆಗ ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

“ಬಾವ, ಬಂಡೆ ಏರೋವಾಗ ಸಂದಿಗೆ ಹೊಡೆದು ಕಾಲಿಡಬೌದಾ?”

“ನಾನು ಮೇಲೆ ಕುಣಿದೀನಿ ಕಣಲೇ. ನಿನ್ನ ಭಾರ ಏನ್ ಮಹಾ.”

ಅವನು ನಂಬಿದ. ಅವನ ಅಕ್ಕನನ್ನು ನನಗೆ ಕೊಟ್ಟ ದಿನದಿಂದ ಅವನು ನನ್ನ ಯಾವ ಮಾತಿಗೂ ‘ಯಾಕೆ’ ಎಂದವನಲ್ಲ.

ಎರಡು ತಿಂಗಳ ಮೇಲೆ ನಾವಿಬ್ಬರೂ ಅವನ ಹಳ್ಳಿಗೆ ಹೋಗಿದ್ದೆವು. ಅವನು ಬೆಳಗ್ಗೆ ಎಂದಿನಂತೆ ಹಿಂಡು ಹೊಡೆದುಕೊಂಡು ಹೋಗಿದ್ದ. ನಡು ಮಧ್ಯಾಹ್ನಕ್ಕೆ ಕುರಿಗಳು ತಾವಾಗಿ ಇಳಿದು ಬಂದು ಹೊಂಡದ ನೀರು ಕುಡಿಯುತ್ತಿರುವುದನ್ನು ಅವನ ಹೆಂಡತಿ ಕಂಡಳು. ಹಿಂದೆ ಅವನಿಲ್ಲ, ನಾಯಿಯೂ ಇಲ್ಲ. ಆಕೆ ಕೂಗಲಿಲ್ಲ, ಬಾಗಿಲಿಗೆ ಬಂದು ಮೆಲ್ಲಗೆ ಅಂದಳು: “ಅಣ್ಣ, ಕುರಿ ಅಷ್ಟೇ ಬಂದವೆ.”

ಊರಿನ ನಾಲ್ಕು ಜನರ ಜೊತೆ ಗುಡ್ಡ ಹತ್ತಿದೆವು. ಗಾಳಿ ಇರಲಿಲ್ಲ. ಹುತ್ತಗಳು ಹೊಸದಾಗಿ ಅಗೆಯಲ್ಪಟ್ಟು ಒಳಗಿನ ಒದ್ದೆ ಮಣ್ಣು ಹೊರಗೆ ಬಿದ್ದಿತ್ತು. ಮುಂದೆ ನಡೆಯುತ್ತಿದ್ದವನು ಅದನ್ನು ನೋಡಿ ಹೆಜ್ಜೆ ನಿಧಾನ ಮಾಡಿದ. ಕರಡಿ ಗೆದ್ದಲಿಗಾಗಿ ಅಗೆದ ಗುರುತು ಅದು. ಮೇಲೆಲ್ಲೋ ಒಂದು ಕುರಿಮರಿ ಬಿಟ್ಟು ಬಿಟ್ಟು ಅರಚುತ್ತಿತ್ತು. ಆ ದನಿಯ ಕಡೆಗೆ ಹೋದಾಗ ಮೊದಲು ನಾಯಿ ಕಂಡಿತು. ಅದು ನಮ್ಮ ಕಡೆ ನೋಡುತ್ತಿರಲಿಲ್ಲ. ಎದುರಿನ ಪೊದೆಯನ್ನು ದಿಟ್ಟಿಸುತ್ತಾ ನಿಂತಿತ್ತು. ಅದರ ಹಿಂದೆ, ಬಂಡೆಯ ಬುಡದ ಕಲ್ಲುಗಳ ನಡುವೆ ಅವನು ಬಿದ್ದಿದ್ದ. ಬಲದ ತೊಡೆ ಇರಬಾರದ ದಿಕ್ಕಿಗೆ ತಿರುಗಿತ್ತು. ಕೈಯಲ್ಲಿ ಹುಣಸೆಮರದ ಹಿಡಿ ಮಾತ್ರ ಇತ್ತು. ಅದನ್ನು ಎದೆಗೆ ಅಡ್ಡವಾಗಿ, ಇಲ್ಲದ ಅಲಗನ್ನು ಪೊದೆಯ ಕಡೆಗೆ ಚಾಚಿ ಹಿಡಿದಿದ್ದ.

“ಯಾರು?” ಎಂದ. ನಾನು ಹೇಳಿದೆ. “ಬಾವ, ಮೆಲ್ಲಕೆ ಬರ್ರಿ. ಅಲ್ಲಿ ಏನೋ ಉಸಿರಾಡ್ತೈತೆ. ಬೆಳಗ್ಗೆಯಿಂದ ಕೇಳ್ತಿದೀನಿ.”

ಎಲ್ಲರೂ ಕೂಗಿ ಕಲ್ಲೆಸೆದೆವು. ಪೊದೆ ಒಮ್ಮೆ ಅಲುಗಾಡಿ ಸುಮ್ಮನಾಯಿತು. ಏನೆಂದು ನಾವು ನೋಡಲು ಹೋಗಲಿಲ್ಲ.

ಮರಿ ಸಿಕ್ಕಿಕೊಂಡಿದ್ದ ಚಾಚುಗಲ್ಲು ಎರಡಾಳೆತ್ತರದಲ್ಲಿತ್ತು. ಅವನು ಒಂದಾಳೆತ್ತರ ಬರಿಗಾಲಿನಿಂದ ಏರಿ, ಅಲ್ಲಿಂದ ಮುಂದೆ ಕಾಲೂರಲು ಜಾಗವಿಲ್ಲದೆ, ಸಂದಿಗೆ ಚಾಕು ಹೊಡೆದು, ಅದರ ಮೇಲೆ ನಿಂತು ಮರಿಗೆ ಕೈ ಚಾಚಿದ್ದ. ಕಂಬಳಿಗೆ ಎರಡು ಗಳ ಕಟ್ಟಿ ಅವನನ್ನು ಇಳಿಸಿದೆವು. ದಾರಿಯುದ್ದಕ್ಕೂ ಅವನು ನರಳಿದ್ದು ಕಡಿಮೆ. ಮರಿಯನ್ನು ಯಾರು ತಂದರೆಂದು ಕೇಳಿದ್ದು ಹೆಚ್ಚು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಕಳಿಸಿದರು. ಅಲ್ಲಿ ತೊಡೆಯೊಳಗೆ ಉಕ್ಕಿನ ಕಂಬಿ ಹಾಕಿದರು. ಸೊಂಟದ ಹತ್ತಿರ ಮೂಳೆ ಸರಿಯಾಗಿ ಕೂಡಲಿಲ್ಲ. ಇನ್ನು ಗುಡ್ಡ ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅವನು ತಲೆಯಾಡಿಸಿದ, ಬೇರೆ ಯಾರದೋ ವಿಷಯ ಕೇಳುವವನಂತೆ. ಹಿಂಡು ಈಗ ದಾಯಾದಿಗಳ ಹಿಂದೆ ಹೋಗುತ್ತದೆ. ಸಂಜೆ ಕುರಿಗಳು ಮನೆ ಮುಂದೆ ಹಾದುಹೋಗುವಾಗ ಅವನು ಒಳಗೆ ಹೋಗಿ ಕೂರುತ್ತಾನೆ.

ಊರು ತನ್ನ ತೀರ್ಪನ್ನು ಕೊಟ್ಟಾಗಿತ್ತು: ಜೀವ ತೆಗೆದ ಗಾಡಿಯ ಕಬ್ಬಿಣ ಇನ್ನೊಂದು ಜೀವ ಕೇಳಿತು, ಪುಣ್ಯಕ್ಕೆ ಕಾಲಿಗೆ ಮುಗಿಯಿತು. ಕಥೆಯನ್ನು ಜಗಲಿಯ ಮೇಲೆ ಬಿತ್ತಿದವನು ನಾನೇ. ಬೆಳೆ ಬಂದಾಗ ಅದರ ನೆರಳಿನಲ್ಲಿ ನನಗೂ ಜಾಗ ಮಾಡಿಕೊಟ್ಟರು. “ಅದು ದೆವ್ವದ ಕೆಲಸ, ನೀವೇನ್ ಮಾಡೀರಿ ಯಜಮಾನ್ರೆ,” ಎಂದು ಸಮಾಧಾನ ಹೇಳದವರಿಲ್ಲ. ನನ್ನ ಹೆಂಡತಿಯೂ ಹಾಗೆಯೇ ನಂಬಿದಳು. ಹಾಗೆ ನಂಬದಿದ್ದರೆ ಅವಳು ನನ್ನ ಜೊತೆ ಒಂದೇ ಸೂರಿನಡಿ ಇರುವುದು ಕಷ್ಟವಾಗುತ್ತಿತ್ತು.

ನಾನೊಬ್ಬನೇ ಮತ್ತೆ ಗುಡ್ಡಕ್ಕೆ ಹೋಗಿ, ಏಣಿ ಒರಗಿಸಿ, ಸಂದಿಯಿಂದ ಅಲಗನ್ನು ಬಿಡಿಸಿ ತಂದೆ. ಕನ್ನಡಕ ಹಾಕಿಕೊಂಡು ಬಿಸಿಲಿನಲ್ಲಿ ಮುರಿದ ಮುಖವನ್ನು ನೋಡಿದೆ. ಮುರಿದದ್ದು ಬೋಲ್ಟಿನ ತೂತಿನ ಮೂಲಕವೇ. ಅದರಲ್ಲಿ ಮೂರು ಬಣ್ಣಗಳಿದ್ದವು. ತೂತಿನ ಅಂಚಿಗೆ ಕಪ್ಪು: ಲಾರಿ ಪಲ್ಟಿಯಾದಾಗಲೋ ಅದಕ್ಕೂ ಮುಂಚೆ ಹೊತ್ತ ಭಾರಕ್ಕೋ ಬಿಟ್ಟಿದ್ದ ಬಿರುಕು, ನನ್ನ ಕುಲುಮೆಯ ಬೆಂಕಿಯಲ್ಲಿ ಸುಟ್ಟು ಕಪ್ಪಾದದ್ದು. ಅದರಾಚೆಗೆ ಕಂದು ತುಕ್ಕಿನ ಪಟ್ಟೆ: ಕುಲುಮೆಯ ನಂತರ, ಅವನು ಬೀಳುವ ಮೊದಲು ಬಿರುಕು ಬೆಳೆದ ಜಾಗ. ಉಳಿದದ್ದು ಬೆಳ್ಳಗೆ, ಹೊಸದು, ಆ ಬೆಳಗ್ಗಿನದು. ನಡುವಿನ ಕಂದು ಪಟ್ಟೆಯನ್ನು ನಾನು ಬಹಳ ಹೊತ್ತು ನೋಡಿದೆ. ಅದು ನಾನು ಕುಣಿದ ಮೂರು ಕುಣಿತ. ನೋಟ್‌ಬುಕ್ಕಿನಲ್ಲಿ ಒಂದೊಂದಾಗಿ ಬರೆದಿಟ್ಟ ಪರೀಕ್ಷೆಗಳೆಲ್ಲ ಚಾಕುವನ್ನು ಪರೀಕ್ಷಿಸುತ್ತಿರಲಿಲ್ಲ, ಮುರಿಯುತ್ತಿದ್ದವು.

ಅಲಗನ್ನು ತೆಗೆದುಕೊಂಡು ಬಾಮೈದನ ಮನೆಗೆ ಹೋದೆ. ಹೆಂಡತಿಯೂ ಬಂದಿದ್ದಳು. ಅವನು ಗೋಡೆಗೊರಗಿ ಕುಳಿತಿದ್ದ.

“ಇದನ್ನ ಯಾಕೆ ತಂದ್ರಿ ಬಾವ? ಹೊಳಿಗೆ ಎಸೆದು ಬರ್ರಿ ಅತ್ಲಾಗೆ. ಸತ್ತೋರ ಕಬ್ಬಿಣ.”

“ಸತ್ತೋರು ಏನೂ ಮಾಡಿಲ್ಲ ಕಣಪ್ಪ,” ಎಂದೆ. ಮೂರು ಬಣ್ಣ ತೋರಿಸಿದೆ. ಅವನು ಅಷ್ಟಾಗಿ ನೋಡಲಿಲ್ಲ. ಆಗ ಮುರಿದ ಕೊನೆಗೆ ದಾರ ಬಿಗಿದು ಅಲಗನ್ನು ತೂಗಬಿಟ್ಟು, ಅಲ್ಲಿದ್ದ ಸೌಟಿನಿಂದ ತಟ್ಟಿದೆ. ಬಿರುಕಿನ ಭಾಗ ಕಳಚಿಹೋಗಿದ್ದ ಅಲಗು ಉದ್ದಕ್ಕೆ, ಇಂಪಾಗಿ ಮೊಳಗಿತು. ಒಳಗಿದ್ದ ಹೆಂಗಸರು ಇಬ್ಬರೂ ಬಾಗಿಲಿಗೆ ಬಂದರು.

“ಅಬ್ಬಾ, ಗಂಟೆ ಆದಂಗಾತು,” ಎಂದ ಅವನು. ಕುರಿಗಾರ; ಹಿಂಡಿನಲ್ಲಿ ಯಾವ ಕುರಿ ಕೆಮ್ಮಿತೆಂದು ದೂರದಿಂದಲೇ ಹೇಳುವವನು. “ಮುರಿಯೋ ಮೊದ್ಲು ಹೆಂಗಿತ್ತು?”

ಇಷ್ಟಕ್ಕೇ ನಾನು ಬಂದಿದ್ದೆ. ಆದರೂ ಅವನು ತಾನಾಗಿ ಕೇಳುತ್ತಾನೆಂದು ಎಣಿಸಿರಲಿಲ್ಲ.

“ಹೊಳಲ್ಕೆರೆನಾಗೆ ತಟ್ಟಿ ನೋಡಿದ್ರು. ಕೊಡಬ್ಯಾಡ್ರಿ ಅಂದ್ರು.”

“ಅವರು ಅಂದಿದ್ದು ನೀವೇ ಹೇಳಿ ನಗಿಸಿದ್ರಲ್ಲ. ಶಬ್ದ ಹೆಂಗಿತ್ತು, ಅದನ್ನ ಹೇಳ್ರಿ.”

“ಒಡಕು ಕಾಯಿ ಹಂಗಿತ್ತು.”

“ನಿಮಗೆ ಗೊತ್ತಾಗಿತ್ತಾ?”

“ಕೈಗೆ ಗೊತ್ತಾಗಿತ್ತು.”

ಅವನು ಕಂಬಳಿಯನ್ನು ತೊಡೆಯ ಮೇಲೆ ಎಳೆದುಕೊಂಡ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕೈಯಲ್ಲಿದ್ದ ಚಹಾದ ಲೋಟವನ್ನು ನನಗೆ ಕೊಡದೆ ನೆಲದ ಮೇಲಿಟ್ಟು ಒಳಗೆ ಹೋದಳು. ಅಂದು ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಈಗ ಮಾತಾಡುತ್ತಾಳೆ, ಬೇಕಾದಷ್ಟು ಮಾತ್ರ.

ಹೋದ ತಿಂಗಳು ಅವನಿಗೊಂದು ಊರುಗೋಲು ಮಾಡಿಕೊಂಡು ಹೋದೆ. ಗಟ್ಟಿ ಬಿದಿರು, ಗಂಟು ಒತ್ತಾಗಿರುವುದನ್ನೇ ಆರಿಸಿದ್ದೆ. ತುದಿಗೆ ರಬ್ಬರು ಕಟ್ಟಿದ್ದೆ. ಅವನು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು, “ಕುಂತ್ಕಳ್ರಿ ಬಾವ,” ಎಂದ. ಆಮೇಲೆ ಕೋಲನ್ನು ತಿರುವಿ, ರಬ್ಬರಿಲ್ಲದ ಕಡೆಯಿಂದ ಜಗಲಿಯ ಕಲ್ಲಿಗೆ ತಟ್ಟಿ, ತಲೆ ಓರೆ ಮಾಡಿ ಕೇಳಿದ. ನಾನೂ ಕೇಳಿದೆ. ಗಟ್ಟಿಯಾದ, ಪೂರ್ತಿಯಾದ ಶಬ್ದ. ಅವನು ಎರಡನೆಯ ಸಲ ತಟ್ಟಿದ. ಅದೂ ಹಾಗೆಯೇ ಬಂತು.

ನನ್ನ ಮುಖ ನೋಡಿ, ಮೂರನೆಯ ಸಲ ತಟ್ಟಿದ.